ಶುಕ್ರವಾರ ಮಗಳಿಗೆ ಐದು ವರ್ಷ. "ಹುಟ್ಟುಹಬ್ಬ ಬೇಡ" ಅನ್ನುತ್ತಿದ್ದಾಳೆ

ಬೆರಳು ಕೊಟ್ಟವನು · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ನಿಮ್ಮ ಮಾತುಗಳನ್ನು ಓದುತ್ತಾ ಬಂದಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು. ಸ್ವಲ್ಪ ಉದ್ದ ಆಗಬಹುದು, ಓದಿ.

ಇವತ್ತು ಬೆಳಿಗ್ಗೆ ನಡೆದದ್ದು. ಮಗಳಿಗೆ ಮುಂದುಗಡೆ ಐದು ಗುಂಡಿ ಇರುವ ಒಂದು ಅಂಗಿ ಇದೆ. ಇಷ್ಟು ದಿನ ಗುಂಡಿ ಹಾಕುತ್ತಿದ್ದದ್ದು ನಾನೇ. ಇವತ್ತು ಅಂಗಿಯನ್ನು ಕೈಗೆ ತೆಗೆದುಕೊಂಡವಳು, "ಅಪ್ಪ, ನೀನು ಆ ಕಡೆ ತಿರುಗು. ನೋಡ್ಬೇಡ" ಅಂದಳು. ತಿರುಗಿ ನಿಂತೆ. ಕಿವಿ ಮಾತ್ರ ಅವಳ ಕಡೆಗೇ ಇತ್ತು. ಮೂಗಿನಿಂದ ಜೋರಾಗಿ ಉಸಿರು ಬಿಡುವುದು ಕೇಳಿಸುತ್ತಿತ್ತು. ತನ್ನಷ್ಟಕ್ಕೆ ತಾನೇ "ಇದು ಒಳಗೆ... ಈಗ ಎಳೀಬೇಕು... ಬಂತು, ಬಂತು" ಅಂತ ಮಾತಾಡಿಕೊಳ್ಳುತ್ತಿದ್ದಳು. ಏಳು ನಿಮಿಷ ಆಯಿತು. ನಾವು ಹೊರಡುವ ಹೊತ್ತು ಮೀರಿತ್ತು. ಆದರೂ ಸುಮ್ನಿದ್ದೆ.

"ಈಗ ನೋಡು" ಅಂದಳು. ಮೇಲಿನಿಂದ ಎರಡನೆಯ ಗುಂಡಿ ಮೂರನೆಯ ಕಾಜಕ್ಕೆ ಹೋಗಿ, ಅಲ್ಲಿಂದ ಕೆಳಗೆ ಎಲ್ಲವೂ ತಪ್ಪಿತ್ತು. ಅಂಗಿಯ ಒಂದು ಅಂಚು ಮೇಲೆ, ಇನ್ನೊಂದು ಕೆಳಗೆ. ಮುಖ ಮಾತ್ರ ಅರಳಿತ್ತು.

ನಾನು "ತುಂಬಾ ಚೆನ್ನಾಗಿದೆ ಪುಟ್ಟಿ" ಅನ್ನುತ್ತಲೇ ಮಂಡಿಯೂರಿ ಕೂತೆ. ಎಲ್ಲ ಗುಂಡಿ ಬಿಚ್ಚಿ ಸರಿಯಾಗಿ ಹಾಕಿಬಿಟ್ಟೆ. ಅರ್ಧ ನಿಮಿಷವೂ ಬೇಕಾಗಲಿಲ್ಲ. ಅವಳು ಅಳಲಿಲ್ಲ, ಹಟ ಮಾಡಲಿಲ್ಲ. ಎರಡೂ ಕೈ ಕೆಳಗೆ ಬಿಟ್ಟು ನಿಂತಳು. ತೀರಾ ಚಿಕ್ಕವಳಿದ್ದಾಗ ಬಟ್ಟೆ ತೊಡಿಸುವಾಗ ಹಾಗೇ ನಿಲ್ಲುತ್ತಿದ್ದಳು. ನನಗೆ ಹೊಟ್ಟೆಯೊಳಗೆ ಚುರುಕ್ ಅಂದಿತು. ಏನೋ ಹಾಳು ಮಾಡಿದೆ ಅಂತ ಆಗಲೇ ಗೊತ್ತಾಯಿತು.

ಇದು ಬೆಳಗಿನ ಕತೆ. ರಾತ್ರಿಯದು ಬೇರೆಯೇ. ಒಂದು ವಾರದಿಂದ ಮಲಗುವಾಗ "ನನ್ನ ಹುಟ್ಟುಹಬ್ಬ ಮಾಡ್ಬೇಡಿ" ಅನ್ನುತ್ತಿದ್ದಾಳೆ. ಯಾಕೆ ಅಂದರೆ ಹೇಳುವುದಿಲ್ಲ. ನಿನ್ನೆ ಕೇಳಿದಳು: "ಹುಟ್ಟುಹಬ್ಬ ಮಾಡದೇ ಇದ್ರೆ ಐದು ಆಗಲ್ಲ ಅಲ್ವಾ?" ನಾನೂ ಹೆಂಡತಿಯೂ ಮೊದಲು ನಕ್ಕೆವು. ಆಮೇಲೆ ನೋಡಿದರೆ ಅವಳ ಮುಖದಲ್ಲಿ ನಗು ಇರಲಿಲ್ಲ. ಹೋದ ವರ್ಷ ಇದೇ ಹುಡುಗಿ ಹದಿನೈದು ದಿನ ಮುಂಚಿನಿಂದ ದಿನ ಎಣಿಸಿದ್ದಳು.

ಬೆಳೆಯಲು ಹೆದರುವ ಮಗು ಅಂತ ನನಗೆ ಅನ್ನಿಸುವುದಿಲ್ಲ. ಐದಾದ ಮೇಲೆ ಬೇರೆ ಕೋಣೆಯಲ್ಲಿ ಮಲಗುವುದು ಅಂತ ಮಾತಾಗಿದೆ. ಅದಕ್ಕೂ ಒಪ್ಪಿದ್ದಾಳೆ. ಕೋಣೆಯ ಪರದೆ ಬಣ್ಣ ಆರಿಸಿದ್ದು ಅವಳೇ.

ಹಾಗಾದರೆ ಬೆಳಿಗ್ಗೆ "ನಾನೇ ಮಾಡ್ತೀನಿ" ಅನ್ನುವವಳು ರಾತ್ರಿ "ಐದು ಬೇಡ" ಅನ್ನುವುದು ಯಾಕೆ? ನಿಮ್ಮ ಮನೆಗಳಲ್ಲಿ ಹೀಗೆ ಆಗಿದೆಯಾ?

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಅವಳು ಹುಟ್ಟಿ ಒಂದು ಗಂಟೆಯೂ ಆಗಿರಲಿಲ್ಲ, ನನ್ನ ತೋರುಬೆರಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಹುಟ್ಟಿದ ಮಗುವಿನ ಅಂಗೈಗೆ ಏನು ತಾಗಿದರೂ ಅದು ಮುಷ್ಟಿ ಬಿಗಿಯುತ್ತದೆ, ಐದಾರು ತಿಂಗಳಿಗೆ ಆ ಗುಣ ಹೋಗಿಬಿಡುತ್ತದೆ ಅಂತ ಆಮೇಲೆ ಓದಿದೆ. ಬೆರಳಿನ ಬದಲು ಬಟ್ಟೆಯ ತುದಿ ಸಿಕ್ಕಿದ್ದರೂ ಹಿಡಿಯುತ್ತಿದ್ದಳು. ಇದು ಗೊತ್ತಾದ ಮೇಲೂ ನನ್ನ ಮನಸ್ಸಿನಲ್ಲಿ ಆ ಹಿಡಿತ ಹಾಗೇ ಇದೆ. ಪ್ರತಿ ಹುಟ್ಟುಹಬ್ಬಕ್ಕೂ ಖುಷಿಯ ಜೊತೆಗೆ ಒಂದು ಸಂಕಟ ಬರುತ್ತದೆ. ಇವತ್ತು ಗುಂಡಿ ಬಿಚ್ಚಿದ್ದು ಹೊತ್ತಾಯಿತು ಅಂತಲೋ, ಆ ಸಂಕಟದಿಂದಲೋ, ನನಗೇ ತಿಳಿಯುತ್ತಿಲ್ಲ.

ಅವಳಿ ಮಕ್ಕಳ ಅಮ್ಮ · ಸೋಮವಾರ ರಾತ್ರಿ

ಅಯ್ಯೋ, ಆ ಕೈ ಕೆಳಗೆ ಬಿಟ್ಟು ನಿಂತದ್ದು ಓದಿ ಕಣ್ಣು ತುಂಬಿತು. ನಾನೂ ಇದನ್ನೇ ಮಾಡಿದ್ದೇನೆ, ಒಂದು ಸಲ ಅಲ್ಲ.

ನಮ್ಮ ಹುಡುಗರಿಗೆ ಐದೂವರೆ. ಹನ್ನೊಂದು ನಿಮಿಷದ ಅಂತರದಲ್ಲಿ ಹುಟ್ಟಿದವರು. ಒಬ್ಬ ಮೂರೂವರೆಗೇ ತನ್ನ ಬಟ್ಟೆ ತಾನೇ ತೊಡುತ್ತಿದ್ದ. ಇನ್ನೊಬ್ಬ ಇವತ್ತಿಗೂ ತೋಳು ಚಾಚಿ ನಿಲ್ಲುತ್ತಾನೆ. ಆದರೆ ರಾತ್ರಿ ಕತ್ತಲೆಯಲ್ಲಿ ಒಬ್ಬನೇ ಎದ್ದು ಹೋಗಿ ನೀರು ಕುಡಿದು ಬರುವವನು ಈ ಎರಡನೆಯವನೇ. ಬಟ್ಟೆ ತೊಡುವವನಿಗೆ ಬಾಗಿಲ ತನಕ ಹೋಗಲೂ ನನ್ನ ಕೈ ಬೇಕು. ಇಬ್ಬರ ಹುಟ್ಟುಹಬ್ಬವೂ ಒಂದೇ ದಿನ. ಹಾಗಾಗಿ "ಇಷ್ಟು ವಯಸ್ಸಿಗೆ ಇಷ್ಟು ಬರಬೇಕು" ಅನ್ನುವುದನ್ನು ನಾನು ಬಿಟ್ಟುಬಿಟ್ಟೆ.

ಒಂದು ಸಣ್ಣ ಉಪಾಯ. ಹೊರಡುವ ಹೊತ್ತಿಗೇ "ನಾನೇ" ಬರುವುದರಿಂದ ನಾವು ಬೆಳಿಗ್ಗೆ ಇಪ್ಪತ್ತು ನಿಮಿಷ ಬೇಗ ಏಳುತ್ತೇವೆ. ಬೇರೆ ಏನೂ ಬದಲಾಯಿಸಲಿಲ್ಲ. ಮನೆಯಲ್ಲಿ ಜಗಳ ಅರ್ಧಕ್ಕಿಂತ ಜಾಸ್ತಿ ಕಮ್ಮಿಯಾಯಿತು.

ಚಿಕ್ಕ ಮಕ್ಕಳ ಟೀಚರ್ · ಮಂಗಳವಾರ ಬೆಳಿಗ್ಗೆ

ಮೂರರಿಂದ ಐದು ವರ್ಷದ ಮಕ್ಕಳ ಜೊತೆ ತುಂಬಾ ವರ್ಷದಿಂದ ಇದ್ದೇನೆ. ಗುಂಡಿಯ ಬಗ್ಗೆ ಮಾತ್ರ ಹೇಳುತ್ತೇನೆ, ಹುಟ್ಟುಹಬ್ಬದ ವಿಷಯ ಬೇರೆಯವರು ಹೇಳಲಿ.

ಗುಂಡಿ ಹಾಕುವುದು ನಮಗೆ ಒಂದು ಕೆಲಸ. ಮಗುವಿಗೆ ಅದು ನಾಲ್ಕೈದು ಕೆಲಸ. ಒಂದು ಕೈ ಬಟ್ಟೆಯನ್ನು ಬಿಗಿಯಾಗಿ ಹಿಡಿಯಬೇಕು. ಇನ್ನೊಂದು ಕೈ ಗುಂಡಿಯನ್ನು ಓರೆ ಮಾಡಿ ಕಾಜದೊಳಗೆ ತಳ್ಳಬೇಕು. ಅರ್ಧ ದಾರಿಯಲ್ಲಿ ಹಿಡಿತ ಬದಲಾಯಿಸಿ ಆ ಕಡೆಯಿಂದ ಎಳೆದುಕೊಳ್ಳಬೇಕು. ಎರಡು ಕೈಗೆ ಒಂದೇ ಹೊತ್ತಿನಲ್ಲಿ ಎರಡು ಬೇರೆ ಕೆಲಸ. ಅದರ ಮೇಲೆ ಗಲ್ಲದ ಕೆಳಗಿನ ಗುಂಡಿ ಅವರ ಕಣ್ಣಿಗೇ ಕಾಣುವುದಿಲ್ಲ. ಮಕ್ಕಳು ಮೊದಲು ಕಲಿಯುವುದು ಬಿಚ್ಚುವುದನ್ನು. ಹಾಕುವುದು ಸಾಮಾನ್ಯವಾಗಿ ನಾಲ್ಕರಿಂದ ಐದರ ನಡುವೆ ಬರುತ್ತದೆ. ಶೂ ಲೇಸ್ ಕಟ್ಟುವುದು ಆರರ ಆಸುಪಾಸು, ಕೆಲವರಿಗೆ ಇನ್ನೂ ತಡ. ನಿಮ್ಮ ಮಗಳು ಹಾಕಿದ್ದು ದೊಡ್ಡ ಕೆಲಸವೇ. ಬೆರಳಿನ ಕೆಲಸ ಪೂರ್ತಿ ಬಂದಿದೆ, ತಪ್ಪಿದ್ದು ಜೋಡಿ ನೋಡಿಕೊಳ್ಳುವುದು ಮಾತ್ರ.

ಅದಕ್ಕೆ ಒಂದು ದಾರಿ ಇದೆ. ಕೆಳಗಿನಿಂದ ಶುರು ಮಾಡಲು ಹೇಳಿಕೊಡಿ. ಮೊದಲು ಅಂಗಿಯ ಎರಡೂ ತುದಿಯನ್ನು ಕೆಳಗೆ ಸಮ ಹಿಡಿಯುವುದು, ಅಲ್ಲಿಂದ ಮೇಲೆ ಹೋಗುವುದು. ಕೆಳಗಿನ ಗುಂಡಿ ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಮೊದಲನೆಯದು ಸರಿ ಬಿದ್ದರೆ ಉಳಿದದ್ದು ತಪ್ಪುವುದು ಕಡಿಮೆ. ಇದನ್ನು ಹೊರಡುವ ಗಡಿಬಿಡಿಯಲ್ಲಿ ಹೇಳಿಕೊಡಬೇಡಿ. ಸಂಜೆ ಅಂಗಿಯನ್ನು ನೆಲದ ಮೇಲೆ ಹಾಸಿ ಆಟದ ಹಾಗೆ ಮಾಡಿ.

ತನ್ನಷ್ಟಕ್ಕೆ ಮಾತಾಡಿಕೊಳ್ಳುವುದನ್ನು ಬರೆದಿದ್ದೀರಿ. ಅದನ್ನು ದಯವಿಟ್ಟು ತಡೆಯಬೇಡಿ. ರಷ್ಯಾದ ಮನಶ್ಶಾಸ್ತ್ರಜ್ಞ ಲೆವ್ ವೈಗೋಟ್ಸ್ಕಿ (1896–1934) ಈ ಮಾತುಗಳ ಬಗ್ಗೆ ತುಂಬಾ ಯೋಚಿಸಿದವರು. ಮೊದಲು ದೊಡ್ಡವರು ಮಗುವಿಗೆ ಹೇಳಿಕೊಡುತ್ತಾರೆ. ಆಮೇಲೆ ಮಗು ಅದೇ ಮಾತನ್ನು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಳ್ಳುತ್ತದೆ. ನಿಧಾನಕ್ಕೆ ಅದು ಪಿಸುಮಾತಾಗಿ, ಕೊನೆಗೆ ಒಳಗಿನ ಯೋಚನೆಯಾಗುತ್ತದೆ ಅನ್ನುವುದು ಅವರ ವಿಚಾರ. ಕೆಲಸ ಕಷ್ಟವಾದಷ್ಟೂ ಮಕ್ಕಳು ಜಾಸ್ತಿ ಮಾತಾಡಿಕೊಳ್ಳುತ್ತಾರೆ. ನಾನು ದಿನವೂ ಕೇಳುತ್ತೇನೆ. ನಿಮ್ಮ ಮಗಳ ಬಾಯಲ್ಲಿ ಬಂದ "ಈಗ ಎಳೀಬೇಕು" ಅನ್ನುವುದು ಬಹುಶಃ ಯಾವತ್ತೋ ನೀವೇ ಗುಂಡಿ ಹಾಕುವಾಗ ಹೇಳಿದ ಮಾತು.

ಬೆರಳು ಕೊಟ್ಟವನು · ಮಂಗಳವಾರ ಮಧ್ಯಾಹ್ನ

ಹೌದು ಟೀಚರ್. ಹೆಂಡತಿಗೆ ತೋರಿಸಿದೆ. "ಅದು ನಿಮ್ಮದೇ ಮಾತು, ದಿನಾ ಹಾಗೇ ಅಂತೀರಿ" ಅಂದಳು. ನನಗೆ ಗೊತ್ತೇ ಇರಲಿಲ್ಲ.

ಇವತ್ತು ಬೆಳಿಗ್ಗೆ ಅಂಗಿ ಕೊಟ್ಟು ನಾನೇ ಆ ಕಡೆ ತಿರುಗಿ ನಿಂತೆ. ಅವಳು ಅಂಗಿ ಮುಟ್ಟಲಿಲ್ಲ. "ನೀನೇ ಹಾಕು" ಅಂದಳು.

ಓದುವ ಹುಚ್ಚಿನವಳು · ಮಂಗಳವಾರ ಸಂಜೆ

ಹುಟ್ಟುಹಬ್ಬ ಮಾಡದಿದ್ದರೆ ಐದಾಗುವುದಿಲ್ಲ ಅನ್ನುವುದು ನಿಮ್ಮ ಮಗಳೊಬ್ಬಳ ಲೆಕ್ಕ ಅಲ್ಲ. 3ರಿಂದ 5 ವರ್ಷದ ಮಕ್ಕಳನ್ನು ಸಂಶೋಧಕರು ಕೂರಿಸಿಕೊಂಡು ಇದನ್ನೇ ಕೇಳಿದ್ದಾರೆ. ಒಂದು ಮಗುವಿಗೆ ಹುಟ್ಟುಹಬ್ಬ ಮಾಡಲು ಆಗಲಿಲ್ಲ, ಈಗ ಅದಕ್ಕೆ ಎಷ್ಟು ವಯಸ್ಸು? ಇನ್ನೊಂದು ಮಗುವಿಗೆ ಎರಡು ಸಲ ಮಾಡಿದರು, ಈಗ ಎಷ್ಟು? ಸಣ್ಣವರಲ್ಲಿ ಎಷ್ಟೋ ಮಕ್ಕಳು, ಮಾಡದಿದ್ದರೆ ವಯಸ್ಸು ಏರುವುದಿಲ್ಲ ಅಂದರು. ಐದರ ಹತ್ತಿರ ಬಂದವರಲ್ಲಿ ಈ ನಂಬಿಕೆ ಸಡಿಲವಾಗಿತ್ತು.

ಯೋಚಿಸಿ ನೋಡಿದರೆ ಮಕ್ಕಳ ತರ್ಕ ಸರಿಯಾಗೇ ಇದೆ. ಹಿಂದಿನ ದಿನದವರೆಗೆ ಎಲ್ಲರೂ "ನಾಲ್ಕು" ಅನ್ನುತ್ತಿರುತ್ತಾರೆ. ಆ ಒಂದು ದಿನ ಎಲ್ಲರೂ ಸೇರಿ ಸಂಭ್ರಮ ಮಾಡುತ್ತಾರೆ. ಮರುದಿನದಿಂದ "ಐದು" ಅನ್ನುತ್ತಾರೆ. ನಡುವೆ ಮಗು ಕಂಡದ್ದು ಸಂಭ್ರಮವನ್ನು ಮಾತ್ರ. ಮೈ ಬೆಳೆಯುವುದು ಅದರ ಕಣ್ಣಿಗೆ ಬೀಳುವುದಿಲ್ಲ. ಹಾಗಾಗಿ ನಿಮ್ಮ ಮಗಳು ಐದನ್ನು ತಡೆಯಲು ತನ್ನ ಕೈಲಿರುವ ಒಂದೇ ದಾರಿ ಹಿಡಿದಿದ್ದಾಳೆ. ಯಾಕೆ ತಡೆಯಬೇಕು ಅನ್ನುವುದೇ ನಾವು ಕೇಳಬೇಕಾದ ಪ್ರಶ್ನೆ.

ಇನ್ನು, ಮಗುವಿನ ಕೆಲಸಕ್ಕೆ ನಾವು ಯಾವಾಗ ಕೈ ಹಾಕಬೇಕು ಅನ್ನುವುದರ ಬಗ್ಗೆ ಒಂದು ಮಾತು. 1976ರಲ್ಲಿ ಡೇವಿಡ್ ವುಡ್, ಜೆರೋಮ್ ಬ್ರೂನರ್, ಗೇಲ್ ರಾಸ್ ಅನ್ನುವ ಮೂವರು 3, 4, 5 ವರ್ಷದ ಮಕ್ಕಳಿಗೆ ಮರದ 21 ತುಂಡುಗಳನ್ನು ಕೊಟ್ಟು ಗೋಪುರ ಜೋಡಿಸಲು ಹೇಳಿದರು. ಪಕ್ಕದಲ್ಲಿ ಒಬ್ಬರು ಕಲಿಸುವವರು. ಮಗುವಿಗೆ ಆಗುವಷ್ಟನ್ನು ಮಗುವೇ ಮಾಡಬೇಕು, ಆಗದ ಕಡೆಗೆ ಮಾತ್ರ ನೆರವು. ಈ ನೆರವಿಗೆ ಅವರು ಕಟ್ಟಡದ ಸಾರುವೆಯ ಹೆಸರು ಕೊಟ್ಟರು. ಗೋಡೆ ನಿಲ್ಲುವ ತನಕ ಸಾರುವೆ ಬೇಕು. ಗೋಡೆ ನಿಂತ ಮೇಲೂ ಬಿಚ್ಚದಿದ್ದರೆ ಅದು ಅಡ್ಡ. ಇದರಿಂದ ನಾನು ಮನೆಯಲ್ಲಿ ಇಟ್ಟುಕೊಂಡ ರೂಢಿ ಒಂದೇ: ಮಗ ತಡವರಿಸಿದರೆ ಒಂದು ಹೆಜ್ಜೆ ಹತ್ತಿರ ಹೋಗುತ್ತೇನೆ, ಸಲೀಸಾಗಿ ಮಾಡಿದರೆ ಒಂದು ಹೆಜ್ಜೆ ಹಿಂದೆ ಬರುತ್ತೇನೆ. ಮೊದಲು ಬರೀ ಕಾಯುವುದು, ಆಮೇಲೆ ಬಾಯಿಮಾತು, ಆಮೇಲೆ ಬೆರಳು ತೋರಿಸುವುದು, ಎಲ್ಲದರ ಕೊನೆಗೆ ಕೈ.

ನೀಲಿ ಛತ್ರಿ · ಮಂಗಳವಾರ ರಾತ್ರಿ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎಲ್ಲರೂ ಮಗು ತಾನೇ ಮಾಡಬೇಕು, ತಾನೇ ಮಾಡಬೇಕು ಅನ್ನುತ್ತಿದ್ದೀರಿ. ಅಷ್ಟು ಅವಸರ ಯಾಕೆ? ನನ್ನ ಮಗಳು ಆರು ವರ್ಷದವರೆಗೂ ನನ್ನ ಕೈತುತ್ತು ಬಿಡಲಿಲ್ಲ. ತಾನೇ ಉಣ್ಣಲು ಬರುತ್ತಿತ್ತು, ಆದರೂ ದಿನಕ್ಕೆ ಒಂದು ಹೊತ್ತು ನನ್ನ ಕೈಯೇ ಬೇಕು. ಸುತ್ತಲಿನವರು ಏನೇನೋ ಅಂದರು. ನಾನು ಕೊಟ್ಟೆ. ಒಂದು ದಿನ ಅವಳಾಗೇ ಬಿಟ್ಟಳು. ಬರುತ್ತದೆ ಅನ್ನುವುದೂ ಬೇಕು ಅನ್ನುವುದೂ ಒಂದೇ ಅಲ್ಲ.

ಕೆಲವು ಕಡೆ ಅವರು ಎಷ್ಟು ಹಟ ಮಾಡಿದರೂ ಬಿಡಬಾರದು ಅನ್ನುವುದನ್ನೂ ಸೇರಿಸುತ್ತೇನೆ. ಬರುವ ಗಾಡಿಯ ವೇಗ ಎಷ್ಟು, ಅದು ಎಷ್ಟು ಹೊತ್ತಿಗೆ ಹತ್ತಿರ ಬರುತ್ತದೆ ಅನ್ನುವ ಅಂದಾಜು ಒಂಬತ್ತು ಹತ್ತು ವರ್ಷದವರೆಗೂ ಮಕ್ಕಳಿಗೆ ಸರಿಯಾಗಿ ಸಿಗುವುದಿಲ್ಲ. ರಸ್ತೆ, ನೀರು, ಬೆಂಕಿ, ಈ ಮೂರರ ಮುಂದೆ "ನಾನೇ" ಅನ್ನುವುದು ನಮ್ಮಲ್ಲಿ ನಡೆಯುವುದಿಲ್ಲ.

ಮೂರು ಮೊಮ್ಮಕ್ಕಳ ಅಜ್ಜಿ · ಮಂಗಳವಾರ ರಾತ್ರಿ

ತಮ್ಮಾ, ನಿನಗಿಂತ ತುಂಬಾ ದೊಡ್ಡವಳು, ನೀನು ಅಂತಲೇ ಬರೆಯುತ್ತೇನೆ.

ನೀನು ಗುಂಡಿಯ ಬಗ್ಗೆ ಅಷ್ಟೊಂದು ಬರೆದೆ. ನಡುವೆ ಒಂದು ಮಾತನ್ನು ಬೇಗ ದಾಟಿಬಿಟ್ಟೆ. "ಐದಾದ ಮೇಲೆ ಬೇರೆ ಕೋಣೆಯಲ್ಲಿ ಮಲಗುವುದು ಅಂತ ಮಾತಾಗಿದೆ" ಅಂದೆ. ಯಾರು ಆಡಿದ ಮಾತು ಅದು? ಎಷ್ಟು ಸಲ ಆಡಿದಿರಿ? "ಐದಾದ ಮೇಲೆ" ಅಂತ ಇನ್ನೂ ಏನೇನು ಹೇಳಿದ್ದೀರಿ? ಒಂದು ಸಲ ಗಂಡ ಹೆಂಡತಿ ಕೂತು ನೆನಪು ಮಾಡಿಕೊಳ್ಳಿ.

ಪರದೆಯ ಬಣ್ಣ ಆರಿಸಿದಳು ಅಂದೆ. ಬಣ್ಣ ಯಾವ ಮಗು ಆರಿಸುವುದಿಲ್ಲ ಹೇಳು. ಒಬ್ಬಳೇ ಮಲಗಲು ಒಪ್ಪಿದಳು ಅಂತ ಅದರ ಅರ್ಥ ಅಲ್ಲ.

ನನ್ನ ದೊಡ್ಡ ಮಗಳಿಗೆ ಐದು ತುಂಬುವ ಹೊತ್ತಿಗೆ ನನ್ನ ಮಡಿಲಲ್ಲಿ ಎರಡನೆಯವಳಿದ್ದಳು. "ನೀನೀಗ ದೊಡ್ಡವಳು" ಅಂತ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದೆ. ಹೊಗಳಿಕೆ ಅಂತಲೇ ಅನ್ನುತ್ತಿದ್ದೆ. ಅವಳು ಮತ್ತೆ ಬೆರಳು ಚೀಪಲು ಶುರು ಮಾಡಿದಳು. ಅವಳಿಗೆ ನಲವತ್ತು ದಾಟಿದ ಮೇಲೆ ಒಂದು ದಿನ ಹೇಳಿದಳು, "ಅಮ್ಮಾ, ಆ ಮಾತು ಕೇಳಿದರೆ ಇನ್ನು ನನ್ನನ್ನು ಎತ್ತಿಕೊಳ್ಳುವುದಿಲ್ಲ ಅಂತ ಅನ್ನಿಸುತ್ತಿತ್ತು" ಅಂತ. ನಲವತ್ತು ವರ್ಷ ದಾಟಿದ್ದರೂ ಅವಳಿಗೆ ಅದು ನೆನಪಿತ್ತು.

ಬೆರಳು ಕೊಟ್ಟವನು · ಬುಧವಾರ ಬೆಳಗಿನ ಜಾವ

ಅಜ್ಜಿ, ನಿದ್ದೆ ಬರಲಿಲ್ಲ.

ಇಬ್ಬರೂ ಕೂತು ನೆನಪು ಮಾಡಿಕೊಂಡೆವು. ಐದಾದ ಮೇಲೆ ನಿನ್ನ ಕೋಣೆಯಲ್ಲೇ ಮಲಗಬೇಕು. ಐದಾದ ಮೇಲೆ ಎತ್ತಿಕೋ ಅನ್ನಬಾರದು, ಭಾರ ಆಗುತ್ತೀಯ. ಐದು ವರ್ಷದವರು ಇಷ್ಟಕ್ಕೆಲ್ಲ ಅಳುವುದಿಲ್ಲ. ಐದಾದ ಮೇಲೆ ತಟ್ಟೆ ನೀನೇ ತೆಗೆಯಬೇಕು. ಐದಾದ ಮೇಲೆ ಕತೆ ಒಂದೇ. ಐದಾದ ಮೇಲೆ ಈ ಹಳೆಯ ಗೊಂಬೆ ಬೇಡ. ಆರು ಆಯಿತು. ಏಳನೆಯದನ್ನು ಹೆಂಡತಿ ನೆನಪಿಸಿದಳು. ಹೋದ ವಾರ ಬಾಗಿಲ ಹತ್ತಿರ ಅವಳು ಕೈ ಹಿಡಿಯಲು ಬಂದಾಗ ನಾನು ಫೋನಿನಲ್ಲಿ ಮಾತಾಡುತ್ತಾ, "ಇನ್ನು ನಾಲ್ಕು ದಿನಕ್ಕೆ ಐದು, ಇನ್ನೂ ಕೈ ಹಿಡೀಬೇಕಾ?" ಅಂದಿದ್ದೆನಂತೆ. ನಾಲ್ಕು ದಿನ ಅಂತ ಸುಮ್ನೆ ಬಾಯಿಗೆ ಬಂದದ್ದು, ಆಗ ಇನ್ನೂ ಹತ್ತು ದಿನ ಇತ್ತು.

ಒಂದೊಂದೇ ಹೇಳುವಾಗ ಏನೂ ಅನ್ನಿಸಿರಲಿಲ್ಲ. ಅವಳನ್ನು ಹುರಿದುಂಬಿಸುತ್ತಿದ್ದೇವೆ ಅಂದುಕೊಂಡಿದ್ದೆವು. ಏಳನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಶುಕ್ರವಾರ ಅವಳಿಗೆ ಸಿಗುವುದು ಏನೂ ಇಲ್ಲ, ಹೋಗುವುದೇ ಎಲ್ಲ. ಅಂಥ ದಿನ ಬೇಡ ಅಂದದ್ದರಲ್ಲಿ ಅವಳ ತಪ್ಪೇನಿದೆ?

ಇದರ ಮಧ್ಯೆ ಒಂದು ಕೆಲಸವನ್ನು ಯಾರೂ ಹೇಳದೆ ತಾನಾಗಿ ಮಾಡಲು ಬಂದಳು. ಅದನ್ನು ನಾನು ಬಿಚ್ಚಿ ಹಾಕಿದೆ.

ನಿಧಾನ ನಡಿಗೆ · ಬುಧವಾರ ಮಧ್ಯಾಹ್ನ

ಬರೆಯಲೋ ಬೇಡವೋ ಅಂತ ಯೋಚಿಸಿ ಬರೆಯುತ್ತಿದ್ದೇನೆ. ನನ್ನ ಮಗನಿಗೆ ಎಂಟು ವರ್ಷ. ಸೆರೆಬ್ರಲ್ ಪಾಲ್ಸಿ ಇದೆ, ಬಲಗೈ ಮತ್ತು ಬಲಗಾಲು ಬಿಗಿ. ಅವನ ಮೊದಲ ನಾಲ್ಕು ಹುಟ್ಟುಹಬ್ಬಗಳು ನನಗೆ ಪರೀಕ್ಷೆಯ ಫಲಿತಾಂಶ ಬರುವ ದಿನದ ಹಾಗಿದ್ದವು. ಒಂದಕ್ಕೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಎರಡಕ್ಕೆ ಓಡಬೇಕಿತ್ತು, ಓಡಲಿಲ್ಲ. ಬಂದವರು ಕಣ್ಣಲ್ಲೇ ಲೆಕ್ಕ ಹಾಕುತ್ತಿದ್ದರು. ನಾನೂ ಹಾಕುತ್ತಿದ್ದೆ.

ಅವನಿಗೆ ಕೈಕೆಲಸ ಕಲಿಸುವ ಥೆರಪಿಸ್ಟ್ ಒಂದು ವಿಧಾನ ಹೇಳಿಕೊಟ್ಟರು. ಅದು ಎಲ್ಲ ಮಕ್ಕಳಿಗೂ ಆಗುತ್ತದೆ, ಅದಕ್ಕೇ ಇಲ್ಲಿ ಹೇಳುತ್ತಿದ್ದೇನೆ. ಕೆಲಸವನ್ನು ಮೊದಲ ಹೆಜ್ಜೆಯಿಂದ ಕಲಿಸುವುದಲ್ಲ, ಕೊನೆಯ ಹೆಜ್ಜೆಯಿಂದ ಕಲಿಸುವುದು. ಕಾಲುಚೀಲ ಅಂದುಕೊಳ್ಳಿ. ಬೆರಳಿಗೆ ತೊಡಿಸಿ, ಹಿಮ್ಮಡಿ ದಾಟಿಸಿ, ಅಷ್ಟನ್ನೂ ನಾನೇ ಮಾಡುತ್ತಿದ್ದೆ. ಹಿಮ್ಮಡಿಯಿಂದ ಮೇಲಕ್ಕೆ ಎಳೆದುಕೊಳ್ಳುವ ಕೊನೆಯ ಒಂದು ಎಳೆತ ಅವನದು. ಅದು ಸಲೀಸಾದ ಮೇಲೆ ಹಿಮ್ಮಡಿ ದಾಟಿಸುವುದೂ ಅವನಿಗೆ. ಹೀಗೆ ಹಿಂದಕ್ಕೆ ಹಿಂದಕ್ಕೆ ಬರುವುದು. ಇದರಲ್ಲಿ ಏನು ಚೆನ್ನ ಅಂದರೆ, ಕೆಲಸ ಮುಗಿಯುವುದು ಪ್ರತಿ ಸಲವೂ ಮಗುವಿನ ಕೈಯಲ್ಲೇ. ಮೊದಲ ಹೆಜ್ಜೆಯನ್ನು ಅವನಿಗೆ ಕೊಟ್ಟು ಆಮೇಲೆ ನಾನು ಕಸಿದುಕೊಂಡು ಮುಗಿಸಿದರೆ, ಅವನಿಗೆ ಉಳಿಯುವುದು "ನನ್ನ ಕೈಲಾಗಲಿಲ್ಲ" ಅನ್ನುವುದು. ಕೊನೆಯ ಹೆಜ್ಜೆ ಅವನದಾದರೆ "ಹಾಕಿಕೊಂಡೆ" ಅನ್ನುವುದು ಉಳಿಯುತ್ತದೆ.

ಒಂದು ಕಾಲುಚೀಲಕ್ಕೆ ನಮಗೆ ಹನ್ನೊಂದು ತಿಂಗಳು ಬೇಕಾಯಿತು. ಆ ಹನ್ನೊಂದು ತಿಂಗಳಲ್ಲಿ ಒಂದು ಹುಟ್ಟುಹಬ್ಬ ಬಂದು ಹೋಯಿತು. ಆ ವರ್ಷ ಅವನಿಗೆ ಎಷ್ಟು ತುಂಬಿತು ಅನ್ನುವುದಕ್ಕಿಂತ, ಕಾಲುಚೀಲದ ಹಿಮ್ಮಡಿಯ ತನಕ ಬಂದಿದ್ದೇವೆ ಅನ್ನುವುದು ನನಗೆ ಚೆನ್ನಾಗಿ ನೆನಪಿದೆ.

ಇನ್ನೊಂದು. ಕೆಲವು ಕೆಲಸಗಳು ಅವನ ಕೈಯಿಂದ ಯಾವತ್ತೂ ಆಗದೆ ಇರಬಹುದು. ಆದರೆ ಯಾವ ಅಂಗಿ, ಮೊದಲು ಯಾವ ತೋಳು, ಇವತ್ತು ಯಾರು ತೊಡಿಸಬೇಕು, ಇದನ್ನೆಲ್ಲ ಹೇಳುವವನು ಅವನು. "ಅಮ್ಮಾ, ನಿಲ್ಲು, ನಾನು ಹೇಳಿದ ಮೇಲೆ" ಅನ್ನುತ್ತಾನೆ. ನಾನು ನಿಲ್ಲುತ್ತೇನೆ. ಕೈ ನನ್ನದಾದರೂ ಕೆಲಸ ಅವನದು. ನಿಮ್ಮ ಮಗಳು "ಆ ಕಡೆ ತಿರುಗು" ಅಂದಾಗ ನೀವು ತಿರುಗಿದಿರಿ. ಅದು ಸಣ್ಣ ವಿಷಯ ಅಲ್ಲ. ಏಳು ನಿಮಿಷ ಸರಿಯಾಗೇ ನಡೆದುಕೊಂಡಿರಿ, ಅರ್ಧ ನಿಮಿಷ ತಪ್ಪಿತು. ಮರಳಿ ಕೇಳಿದರೆ ಮಕ್ಕಳು ಕೊಡುತ್ತಾರೆ.

ಅವಳಿ ಮಕ್ಕಳ ಅಮ್ಮ · ಬುಧವಾರ ಮಧ್ಯಾಹ್ನ

"ಕೈ ನನ್ನದಾದರೂ ಕೆಲಸ ಅವನದು." ಇದನ್ನು ಬರೆದಿಟ್ಟುಕೊಂಡೆ. ತುಂಬಾ ಥ್ಯಾಂಕ್ಸ್ ಅಕ್ಕ.

ಹೊಸಬ · ಬುಧವಾರ ಸಂಜೆ

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗನಿಗೂ ಮುಂದಿನ ತಿಂಗಳು ಐದು. ಇನ್ನೂ ವಾರದಲ್ಲಿ ಎರಡು ರಾತ್ರಿ ಹಾಸಿಗೆ ಒದ್ದೆ ಮಾಡುತ್ತಾನೆ. ನಾವೂ "ಐದಾದ ಮೇಲೆ ಹೀಗೆ ಮಾಡಬಾರದು" ಅನ್ನುತ್ತಿದ್ದೇವೆ. ಇದೂ ಅದೇ ಸಾಲಿಗೆ ಸೇರುತ್ತದಾ?

ಚಿಕ್ಕ ಮಕ್ಕಳ ಟೀಚರ್ · ಬುಧವಾರ ರಾತ್ರಿ

ಸೇರುತ್ತದೆ. ಇವತ್ತಿನಿಂದಲೇ ಆ ಮಾತು ನಿಲ್ಲಿಸಿ. ಐದು ವರ್ಷದ 100 ಮಕ್ಕಳಲ್ಲಿ ಸುಮಾರು 15 ಮಂದಿ ರಾತ್ರಿ ಒದ್ದೆ ಮಾಡಿಕೊಳ್ಳುತ್ತಾರೆ. ಮೂತ್ರಕೋಶ ತುಂಬಿದಾಗ ನಿದ್ದೆಯಿಂದ ಎಚ್ಚರವಾಗುವುದು ಮೈ ಬಲಿತಾಗ ಬರುವಂಥದ್ದು, ಮನಸ್ಸು ಮಾಡಿದರೆ ಬರುವುದಲ್ಲ. ಹೆಚ್ಚಿನವರಿಗೆ ವರ್ಷ ಕಳೆದಂತೆ ತಾನಾಗಿ ನಿಲ್ಲುತ್ತದೆ. ಆರು ತಿಂಗಳು ಒಣಗಿದ್ದು ಮತ್ತೆ ಶುರುವಾದರೆ, ಹಗಲಲ್ಲೂ ಆದರೆ, ಉರಿ ನೋವು ಇದ್ದರೆ ವೈದ್ಯರಿಗೆ ತೋರಿಸಿ.

ಓದುವ ಹುಚ್ಚಿನವಳು · ಬುಧವಾರ ರಾತ್ರಿ

ಬೇರೆ ಕೋಣೆಯ ವಿಷಯಕ್ಕೆ ಒಂದು ಮಾತು. ಇಂಗ್ಲೆಂಡಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1958ರಲ್ಲಿ ಬರೆದದ್ದು ನನಗೆ ತುಂಬಾ ಸಲ ದಾರಿ ತೋರಿಸಿದೆ. ಮಗು ಒಬ್ಬನೇ ಇರುವುದನ್ನು ಕಲಿಯುವುದು ಯಾರಾದರೂ ಹತ್ತಿರ ಇರುವಾಗ ಅನ್ನುತ್ತಾರೆ ಅವರು. ಅಮ್ಮ ಅಲ್ಲೇ ಏನೋ ಕೆಲಸ ಮಾಡುತ್ತಿರುತ್ತಾಳೆ, ಮಗು ತನ್ನ ಆಟದಲ್ಲಿ ಮುಳುಗಿರುತ್ತದೆ. ಒಬ್ಬನೇ ಇರುವ ಅಭ್ಯಾಸ ಅಲ್ಲೇ ಆಗುತ್ತಿರುತ್ತದೆ. ಆ ಹತ್ತಿರವನ್ನೇ ಕಿತ್ತುಕೊಂಡು "ಒಬ್ಬಳೇ ಇರು" ಅಂದರೆ ಮಗು ಕಲಿಯುವುದು ಹೆದರಿಕೆಯನ್ನು.

ನಿಮ್ಮ ಮಗಳು "ಆ ಕಡೆ ತಿರುಗು" ಅಂದಳು. "ಹೊರಗೆ ಹೋಗು" ಅನ್ನಲಿಲ್ಲ. ಇದನ್ನು ಗಮನಿಸಿದಿರಾ?

ಬೆರಳು ಕೊಟ್ಟವನು · ಗುರುವಾರ ಮಧ್ಯಾಹ್ನ

ಗಮನಿಸಿರಲಿಲ್ಲ. ನೀವು ಹೇಳಿದ ಮೇಲೆ ಅದೇ ತಲೆಯಲ್ಲಿದೆ.

ಎರಡು ದಿನದಿಂದ ಅವಳು ಅಂಗಿ ಮುಟ್ಟಿಲ್ಲ. ನಾನೂ ಒತ್ತಾಯ ಮಾಡಿಲ್ಲ. ನಿನ್ನೆ ಸಂಜೆ ಟೀಚರ್ ಹೇಳಿದ ಹಾಗೆ ಅಂಗಿಯನ್ನು ನೆಲಕ್ಕೆ ಹಾಸಿಕೊಂಡು ನಾನೊಬ್ಬನೇ ಕೂತು ಕೆಳಗಿನಿಂದ ಗುಂಡಿ ಹಾಕುತ್ತಿದ್ದೆ. ದೂರದಿಂದ ನೋಡಿದಳು. ಹತ್ತಿರ ಬಂದು ಕೂತಳು. ನಾನು "ಸೋಮವಾರ ನೀನು ಹಾಕಿದ್ದನ್ನ ನಾನು ಬಿಚ್ಚಬಾರದಿತ್ತು. ನೀನು ಹಾಕಿದ್ದು ಹಾಗೇ ಇರಬೇಕಿತ್ತು. ತಪ್ಪಾಯ್ತು" ಅಂದೆ. ಅವಳು ನನ್ನ ಮುಖ ನೋಡಲಿಲ್ಲ. ಒಂದು ಗುಂಡಿಯನ್ನು ತಿರುಗಿಸುತ್ತಾ, "ನನ್ನ ಫ್ರೆಂಡ್‌ಗೆ ತೋರಿಸ್ಬೇಕಿತ್ತು" ಅಂದಳು. ಅಷ್ಟೇ ಅಂದದ್ದು.

ಸೊಟ್ಟ ಅಂಗಿಯನ್ನು ಯಾರಿಗೋ ತೋರಿಸಲು ಕಾದಿದ್ದಳು. ನನಗೆ ಅದು ತಿದ್ದಬೇಕಾದ ತಪ್ಪಾಗಿ ಕಂಡಿತ್ತು.

ಮೂರು ಮೊಮ್ಮಕ್ಕಳ ಅಜ್ಜಿ · ಗುರುವಾರ ಸಂಜೆ

ತಪ್ಪಾಯ್ತು ಅಂದೆಯಲ್ಲ, ಅದು ಅವಳಿಗೆ ತಲುಪಿದೆ. ಇವತ್ತು ರಾತ್ರಿ ಮಲಗುವ ಮುಂಚೆ ಆ ಏಳು ಮಾತನ್ನೂ ವಾಪಸ್ ತೆಗೆದುಕೋ. "ಎಲ್ಲ ಸರಿಹೋಗುತ್ತೆ" ಅಂತ ಒಟ್ಟಾಗಿ ಹೇಳಬೇಡ. ಮಕ್ಕಳಿಗೆ ಒಂದೊಂದೇ ಬೇಕು.

ಬೆರಳು ಕೊಟ್ಟವನು · ಶನಿವಾರ ರಾತ್ರಿ

ನಿನ್ನೆ ಬರೆಯಲು ಆಗಲಿಲ್ಲ. ಏನೇನಾಯಿತು ಅಂತ ಕೇಳಿ ಕೆಲವರು ಬೇರೆಯಾಗಿಯೂ ಬರೆದಿದ್ದೀರಿ, ಅದಕ್ಕೆ ಎಲ್ಲರಿಗೂ ಇಲ್ಲೇ ಹೇಳುತ್ತೇನೆ.

ಗುರುವಾರ ರಾತ್ರಿ ಅವಳ ಪಕ್ಕ ಮಲಗಿ ಒಂದೊಂದೇ ಹೇಳಿದೆ. ಐದಾದರೂ ಎತ್ತಿಕೊಳ್ಳುತ್ತೇನೆ. ಐದಾದರೂ ಅಳು ಬಂದರೆ ಅಳಬಹುದು. ಐದಾದರೂ ಕತೆ ಎರಡು. ಗೊಂಬೆ ನಿನ್ನದು, ಯಾರೂ ತೆಗೆಯುವುದಿಲ್ಲ. ಕೈ ಯಾವಾಗ ಬೇಕಾದರೂ ಹಿಡಿಯಬಹುದು. ಅವಳು ಕತ್ತಲೆಯಲ್ಲಿ ಬೆರಳು ಮಡಚುತ್ತಾ ಎಣಿಸುತ್ತಿದ್ದಳು. ತಟ್ಟೆಯ ಮಾತು ಬಂದಾಗ, "ತಟ್ಟೆ ನಾನೇ ತೆಗೀತೀನಿ, ಅದು ನಂಗಿಷ್ಟ" ಅಂದಳು. ಏಳರಲ್ಲಿ ಒಂದನ್ನು ತಾನೇ ಇಟ್ಟುಕೊಂಡಳು. ಆಮೇಲೆ ಕೋಣೆ. "ಬಾಗಿಲು ತೆಗೆದಿರುತ್ತೆ. ನೀನು ಅಲ್ಲಿ ಮಲಗಬಹುದು, ಇಲ್ಲಿ ಬರಬಹುದು" ಅಂದೆ. "ರಾತ್ರಿ ಪೂರ್ತಿ ತೆಗೆದಿರುತ್ತಾ?" ಅಂತ ಕೇಳಿದಳು. ಹೌದು ಅಂದೆ. "ಆರಾದ ಮೇಲೆ?" ಅಂದಳು. ಆಗಲೂ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದ್ರೆ ಹುಟ್ಟುಹಬ್ಬ ಮಾಡಿ" ಅಂದಳು.

ನಿನ್ನೆ ರಾತ್ರಿ ತನ್ನ ಕೋಣೆಗೆ ಹೋಗಿ ಮಲಗಿದಳು. ಎರಡು ಗಂಟೆಗೆ ಗೊಂಬೆ ಹಿಡಿದುಕೊಂಡು ಬಂದಳು. ಜಾಗ ಮಾಡಿಕೊಟ್ಟೆವು. ಇವತ್ತೂ ಅಲ್ಲೇ ಮಲಗಿದ್ದಾಳೆ, ನೋಡಬೇಕು.

ಶುಕ್ರವಾರ ಬೆಳಗಿನದನ್ನು ಕೊನೆಗೆ ಇಟ್ಟುಕೊಂಡೆ. ಇಪ್ಪತ್ತು ನಿಮಿಷ ಬೇಗ ಎದ್ದಿದ್ದೆವು. ಹೊಸ ಬಟ್ಟೆ ಇತ್ತು, ಅದನ್ನು ಪಕ್ಕಕ್ಕಿಟ್ಟು ಅದೇ ಐದು ಗುಂಡಿಯ ಅಂಗಿಯನ್ನೇ ತೆಗೆದಳು. ನನ್ನನ್ನು ನೋಡಿದಳು. ನಾನು ಏನೂ ಹೇಳಲಿಲ್ಲ. "ಆ ಕಡೆ ತಿರುಗು" ಅಂದಳು.

ತಿರುಗಿ ನಿಂತೆ. ಮತ್ತೆ ಅದೇ ಉಸಿರು, ಅದೇ ಮಾತು. ಈ ಸಲ "ಕೆಳಗಿಂದ, ಕೆಳಗಿಂದ" ಅನ್ನುವುದೂ ಸೇರಿತ್ತು. ನಾನು ಗಡಿಯಾರ ನೋಡಲಿಲ್ಲ. ಒಂದು ಕಡೆ "ಅಯ್ಯೋ" ಅಂತ ಕೇಳಿಸಿತು, ಬಿಚ್ಚಿದ ಸದ್ದು ಕೇಳಿಸಿತು, ಮತ್ತೆ ಶುರುವಾಯಿತು. ನನ್ನ ಎರಡೂ ಕೈಯನ್ನು ಜೇಬಿನಲ್ಲಿ ಇಟ್ಟುಕೊಂಡಿದ್ದೆ. ತುಂಬಾ ಹೊತ್ತಾದ ಮೇಲೆ "ಅಪ್ಪ" ಅಂದಳು. ತಿರುಗಿದೆ. ಕೆಳಗಿನಿಂದ ನಾಲ್ಕು ಗುಂಡಿ ತಮ್ಮ ತಮ್ಮ ಕಾಜದಲ್ಲಿದ್ದವು. ಗಲ್ಲದ ಕೆಳಗಿನದು ಹಾಗೇ ಇತ್ತು.

"ಇದು ಕಾಣ್ಸಲ್ಲ ನಂಗೆ. ಇದೊಂದು ನೀನು ಹಾಕು" ಅಂದು ಗಲ್ಲ ಮೇಲೆತ್ತಿ ನಿಂತಳು.

ಅದೊಂದನ್ನು ಹಾಕಿ ಕೈ ತೆಗೆದೆ.